ಸಹಾಯ ಬೇಕು: ಅಮೆರಿಕದ ಸಾರ್ವಜನಿಕ ಆರೋಗ್ಯದ ಕೆಲಸ ಬಿಟ್ಟು ಊರಿಗೆ ಬಂದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಕೌಂಟಿ ಆರೋಗ್ಯ ಇಲಾಖೆಯಲ್ಲಿ ಎಪಿಡೆಮಿಯಾಲಜಿಸ್ಟ್. ದಡಾರದ ಕೇಸ್ ಬಂದರೆ ರೋಗಿ ಯಾವ ಕ್ಲಿನಿಕ್‌ನಲ್ಲಿ ಎಷ್ಟೊತ್ತು ಕೂತಿದ್ದರು, ಅವರು ಎದ್ದು ಹೋದ ಮೇಲೆ ಎರಡು ಗಂಟೆಯೊಳಗೆ ಅಲ್ಲಿಗೆ ಯಾರು ಬಂದರು, ಅವರಿಗೆ ಲಸಿಕೆ ಆಗಿದೆಯಾ ಅಂತ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳುವುದೇ ನನ್ನ ಕೆಲಸ. ಬೈಗುಳವೂ ಸಿಗುತ್ತದೆ, ಅದು ಬಿಡಿ.

2025ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕಾರ ಕೋವಿಡ್ ಕಾಲದ 1,100 ಕೋಟಿ ಡಾಲರ್‌ಗೂ ಜಾಸ್ತಿ ಅನುದಾನ ನಿಲ್ಲಿಸಲು ಹೊರಟಿತು. ಆಮೇಲೆ ಕೋರ್ಟು, ತಡೆಯಾಜ್ಞೆ. ನಮ್ಮಲ್ಲಿ ಅಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. 2000ದಲ್ಲೇ ಇಲ್ಲಿಂದ ನಿರ್ಮೂಲವಾಗಿದೆ ಎಂದು ಘೋಷಿಸಿದ್ದ ದಡಾರ 2025ರಲ್ಲಿ 30 ವರ್ಷಗಳಲ್ಲೇ ಅತಿ ಹೆಚ್ಚು!

ಈಗ ನನ್ನ ಹುದ್ದೆಯ ಅನುದಾನವೂ ಮುಗಿಯುತ್ತಿದೆ. ನನ್ನದು ಎಚ್1ಬಿ ವೀಸಾ, ಕೆಲಸ ಹೋದರೆ ಇಲ್ಲಿರಬಹುದಾದದ್ದು ಹೆಚ್ಚೆಂದರೆ 60 ದಿನ. ನಾನು ಎಂಬಿಬಿಎಸ್ ಅಲ್ಲ, ಇಲ್ಲಿನ ಎಂಪಿಎಚ್ (ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ) ಮಾತ್ರ. ಕರ್ನಾಟಕದಲ್ಲಿ ರೋಗಗಳ ಮೇಲೆ ನಿಗಾ ಇಡುವ ಜಿಲ್ಲಾ ಸರ್ವೇಕ್ಷಣಾ ಘಟಕಗಳಲ್ಲಿ ಇಂಥವರನ್ನು ತೆಗೆದುಕೊಳ್ತಾರಾ? ಗುತ್ತಿಗೆ ಆದರೂ ಪರವಾಗಿಲ್ಲ, ಸಂಬಳ ಹೇಗೆ? ಒಳಗಿನವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಟ್ರಂಪ್ ಸರಿಯೋ ತಪ್ಪೋ ಅನ್ನೋ ಜಗಳ ಮಾತ್ರ ಇಲ್ಲಿ ಬೇಡ, ಪ್ಲೀಸ್.