ಅಪ್‌ಡೇಟ್: ತರಗತಿಯಲ್ಲಿ ಕೂತು ನೋಟ್ಸ್ ಬರೆಯುವ ಕಷ್ಟ, ಕೊನೆಗೆ ಏನಾಯ್ತು
ಹತ್ತು ದಿನದ ಹಿಂದೆ ಕೇಳಿದ್ದೆ: ಎಥ್ನೋಗ್ರಫಿ (ಜನರ ನಡುವೆ ಇದ್ದು, ಅವರನ್ನು ಗಮನಿಸಿ ಬರೆಯುವ ಅಧ್ಯಯನ) ಅಭ್ಯಾಸಕ್ಕೆ ತರಗತಿಯಲ್ಲಿ ಹಿಂದೆ ಕೂರುತ್ತೇನೆ, ಎಲ್ಲಾ ಬರೆಯಲು ಹೋಗಿ ಏನನ್ನೂ ಸರಿಯಾಗಿ ನೋಡಲು ಆಗುತ್ತಿಲ್ಲ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಿಜವಾಗಿ ಕೆಲಸಕ್ಕೆ ಬಂದಿದ್ದು, "ಅಲ್ಲಿ ಬರೀ ಒಂದೆರಡು ಪದ ಗೀಚಿಕೊಳ್ಳಿ, ಪೂರ್ತಿ ಬರಹ ಅದೇ ದಿನ ಸಂಜೆ" ಅನ್ನುವ ಸಲಹೆ. 'ಕಿಟಕಿ, ಎರಡು ಕೈ, ಇಳಿಯಿತು' ಅಂತಷ್ಟೇ ಬರೆದಿದ್ದೆ. ಸಂಜೆ ಇಡೀ ದೃಶ್ಯ ವಾಪಸ್ ಬಂತು: ಕಿಟಕಿ ಪಕ್ಕದ ಇಬ್ಬರು ಕೈ ಎತ್ತಿದ್ದರು, ಮುಂದಿನ ಸಾಲಿನ ಹುಡುಗ ಉತ್ತರ ಹೇಳಿಬಿಟ್ಟ, ಇವರು ಸುಮ್ನೆ ಕೈ ಇಳಿಸಿದರು. ಒಮ್ಮೆ ಮಾರನೆಯ ದಿನಕ್ಕೆ ಬಿಟ್ಟೆ. ಅರ್ಧ ಮಾತು ಮರೆತೇ ಹೋಗಿತ್ತು.

ಪುಟವನ್ನು ಎರಡು ಭಾಗ ಮಾಡುವುದೂ ತುಂಬಾ ಸಹಾಯ ಮಾಡಿತು. ಎಡಕ್ಕೆ ಕಂಡದ್ದು, ಬಲಕ್ಕೆ ನನಗೆ ಅನ್ನಿಸಿದ್ದು. 'ಅವಳಿಗೆ ಬೇಜಾರು' ಅಂತ ಎಡಕ್ಕೆ ಬರೆದು ಹೊಡೆದುಹಾಕಿದೆ. ನಾನು ಕಂಡಿದ್ದು ಅವಳು ಪೆನ್ನು ತಿರುಗಿಸುತ್ತಿದ್ದದ್ದು ಮಾತ್ರ, ಅಲ್ವಾ?

ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಬರೆಯುವುದು ನನಗೆ ಆಗಲಿಲ್ಲ, ಗುಂಪು ಚರ್ಚೆಯ ಎಳೆ ತಪ್ಪುತ್ತಿತ್ತು. ಲ್ಯಾಪ್‌ಟಾಪ್ ಅಂತೂ ಬೇಡ. ಕೀ ಸದ್ದಿಗೆ ಮಕ್ಕಳು ತಿರುಗಿ ನೋಡುತ್ತಿದ್ದರು.

ನಾನು ಎಣಿಸಿರದ ಒಂದು ವಿಷಯ: ಮೊದಲ ಎರಡು ದಿನ ನನ್ನ ಪಕ್ಕದ ಬೆಂಚಿನವರು ಜಾಸ್ತಿ ಗಂಭೀರವಾಗಿದ್ದರು. ಮೂರನೇ ದಿನ ಒಬ್ಬ, "ನನ್ನ ಬಗ್ಗೆ ಏನು ಬರೆದಿರಿ?" ಅಂತ ಕೇಳಿದ. ಅವನ ಬಗ್ಗೆ ಬರೆದ ಸಾಲನ್ನೇ ತೋರಿಸಿದೆ. ಹೆಸರಿನ ಜಾಗದಲ್ಲಿ ಬರೀ ಒಂದು ಅಕ್ಷರ ಇತ್ತು. ಆಮೇಲೆ ಬೆಂಚಿನವರೆಲ್ಲ ಮೊದಲಿನ ಹಾಗೆ ಮಾತಾಡತೊಡಗಿದರು. ಈಗ ನಾನು ಎಲ್ಲಿ ಕೂತಿದ್ದೆ, ಯಾರು ನನ್ನ ಕಡೆ ನೋಡಿದರು ಅನ್ನುವುದನ್ನೂ ಬರೆಯುತ್ತೇನೆ.