ಮಾರ್ಚ್ 8 ಇರುವಾಗ ಮಹಿಳಾ ಇತಿಹಾಸಕ್ಕೆ ಇಡೀ ತಿಂಗಳು ಯಾಕೆ?

ಮುಂಗಾರು_07
ಮಾರ್ಚ್ 8 ಮಹಿಳಾ ದಿನ, ಸರಿ. ಆದರೆ ಅಮೆರಿಕದಲ್ಲಿ ಮಾರ್ಚ್ ಪೂರ್ತಿ ‘ಮಹಿಳಾ ಇತಿಹಾಸದ ತಿಂಗಳು’ ಅಂತ ನಡೆಯುತ್ತದಲ್ಲ, ಅದು ಈ ದಿನವನ್ನೇ ಎಳೆದು ಉದ್ದ ಮಾಡಿದ್ದಾ, ಇಲ್ಲ ಬೇರೆ ಕಥೆಯಾ? ವಿಶ್ವಸಂಸ್ಥೆ ಶುರು ಮಾಡಿದ್ದು ಅಂತ ಒಬ್ಬರು ಹೇಳ್ತಾರೆ, 1857ರಲ್ಲಿ ನ್ಯೂಯಾರ್ಕಿನ ಗಾರ್ಮೆಂಟ್ ಹೆಂಗಸರು ಮಾಡಿದ ಮುಷ್ಕರದಿಂದ ಬಂತು ಅಂತ ಇನ್ನೊಬ್ಬರು. ಸುಮ್ನೆ ಲಿಂಕ್ ಎಸೆದು ಹೋಗಬೇಡಿ, ಸ್ವಲ್ಪ ಬಿಡಿಸಿ ಹೇಳಿ.

ಹಳೆಪೇಪರ್
ಎರಡೂ ಅಲ್ಲ. ತಿಂಗಳು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ, ಅದೂ ಶಾಲೆಗಳಲ್ಲಿ. ಪಾಠದ ಪುಸ್ತಕ ತಿರುವಿದರೆ ಹೆಂಗಸರ ಸುದ್ದಿಯೇ ಇಲ್ಲವಲ್ಲ ಅಂತ 1978ರಲ್ಲಿ ಅಲ್ಲಿನ ಮಹಿಳಾ ಆಯೋಗದ ಶಿಕ್ಷಣ ತಂಡದವರು ‘ಮಹಿಳಾ ಇತಿಹಾಸ ವಾರ’ ಅಂತ ಒಂದು ಮಾಡಿದರು. ಮಾರ್ಚ್ 8 ಆ ವಾರದೊಳಗೇ ಬರುವ ಹಾಗೆ ನೋಡಿಕೊಂಡರು. ದಿನಕ್ಕೂ ತಿಂಗಳಿಗೂ ಇರುವ ನಂಟು ಅಷ್ಟೇ. ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ತರಗತಿಗಳಲ್ಲಿ ಭಾಷಣ, ಕೊನೆಗೆ ಸಾಂತಾ ರೋಸಾ ಪೇಟೆಯಲ್ಲಿ ಒಂದು ಮೆರವಣಿಗೆ. ಯಾವ ಸರ್ಕಾರವೂ ಮೇಲಿಂದ ಹೇಳಿ ಮಾಡಿಸಿದ್ದಲ್ಲ ಇದು.

ಮರುವರ್ಷ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಇತಿಹಾಸಕಾರ್ತಿ ಗೆರ್ಡಾ ಲರ್ನರ್ ಮುಂದಾಳತ್ವದ ಒಂದು ಶಿಬಿರ ಆಯಿತು. ದೇಶದ ಬೇರೆ ಬೇರೆ ಕಡೆಯ ಮಹಿಳಾ ಸಂಘಟನೆಯವರು ಬಂದಿದ್ದರು. ಸೊನೋಮಾದ ಸುದ್ದಿ ಕೇಳಿ, ನಾವೂ ಮಾಡೋಣ ಅಂತ ಊರಿಗೆ ಹೋದರು, ಜೊತೆಗೆ ಇಡೀ ದೇಶಕ್ಕೆ ಒಂದು ವಾರ ಬೇಕು ಅಂತ ಪಟ್ಟು ಹಿಡಿದರು. 1980ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಾರ ಘೋಷಿಸಿದರು. 1981ರಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಒಪ್ಪಿತು. 1987ರಲ್ಲಿ ವಾರ ತಿಂಗಳಾಯಿತು.

ಒಂದು ತಮಾಷೆ ನೋಡಿ. ಕಾರ್ಟರ್ ತಮ್ಮ ಆ ಘೋಷಣೆಯಲ್ಲೇ ಹೆಣ್ಣು ಗಂಡಿಗೆ ಕಾನೂನಿನಲ್ಲಿ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯ ಪರವಾಗಿಯೂ ಮಾತಾಡಿದ್ದರು. ಅದಕ್ಕೆ 38 ರಾಜ್ಯಗಳು ಒಪ್ಪಬೇಕಿತ್ತು. 35ಕ್ಕೆ ನಿಂತಿತು, 1982ರಲ್ಲಿ ಗಡುವೂ ಮುಗಿಯಿತು. ಇತಿಹಾಸಕ್ಕೆ ಒಂದು ವಾರ ಕೊಡೋದಕ್ಕೆ ಯಾರ ತಕರಾರೂ ಇರಲಿಲ್ಲ, ಹಕ್ಕು ಅಂದ ಕೂಡಲೇ ಲೆಕ್ಕಾಚಾರ ಶುರು!

ಸುಮ್ನೆಒಬ್ಳು
1857ರ ಮುಷ್ಕರದ ಕಥೆ ಬಿಟ್ಟುಬಿಡಿ, ಆಮೇಲೆ ಹುಡುಕಿದವರಿಗೆ ಅದಕ್ಕೆ ದಾಖಲೆಯೇ ಸಿಗಲಿಲ್ಲ. ದಿನದ ಕಥೆ ಹೀಗೆ: 1909ರ ಫೆಬ್ರವರಿ 28ಕ್ಕೆ ಅಮೆರಿಕದ ಸಮಾಜವಾದಿ ಪಕ್ಷದವರು ಒಂದು ಮಹಿಳಾ ದಿನ ಮಾಡಿದರು. 1910ರಲ್ಲಿ ಕೋಪನ್‌ಹೇಗನ್‌ನ ಸಮಾಜವಾದಿ ಮಹಿಳಾ ಸಮ್ಮೇಳನದಲ್ಲಿ ಜರ್ಮನಿಯ ಕ್ಲಾರಾ ಜೆಟ್ಕಿನ್ ಮತ್ತವರ ಜೊತೆಯವರು ಎಲ್ಲ ದೇಶಕ್ಕೂ ಇಂಥದ್ದೊಂದು ಬೇಕು ಅಂದರು. ತಾರೀಖು ಗಟ್ಟಿಯಾಗಿದ್ದು 1917ರಲ್ಲಿ. ಆಗಿನ ರಷ್ಯಾದ ರಾಜಧಾನಿ ಪೆಟ್ರೊಗ್ರಾಡ್‌ನ ಬಟ್ಟೆ ಗಿರಣಿ ಹೆಂಗಸರು ರೊಟ್ಟಿ ಕೊಡಿ, ಯುದ್ಧ ನಿಲ್ಲಿಸಿ ಅಂತ ಬೀದಿಗೆ ಬಂದ ದಿನ ಅದು, ಒಂದು ವಾರದಲ್ಲಿ ಅಲ್ಲಿನ ದೊರೆ ತ್ಸಾರ್ ಸಿಂಹಾಸನ ಬಿಟ್ಟ. ವಿಶ್ವಸಂಸ್ಥೆ ಈ ದಿನ ಆಚರಿಸಲು ಶುರು ಮಾಡಿದ್ದು 1975ರಲ್ಲಿ, ಅಂದರೆ ಎಷ್ಟೋ ವರ್ಷ ತಡವಾಗಿ. ಹಾಗಾಗಿ ದಿನ ಗಿರಣಿ ಕಡೆಯಿಂದ ಬಂತು, ತಿಂಗಳು ಶಾಲೆ ಕಡೆಯಿಂದ. ಎರಡನ್ನೂ ಗುಲಾಬಿ ಪೋಸ್ಟರ್ ಒಂದರಲ್ಲಿ ಕಲಸಿ ಹಾಕಿದರೆ ನನಗೆ ಸಿಟ್ಟು ಬರುತ್ತೆ.

ಖಾಲಿಬೆಂಚು
ಎಲ್ಲ ಸರಿ, ಆದರೆ ಒಂದು ತಿಂಗಳು ಕೊಟ್ಟರೆ ಉಳಿದ 11 ತಿಂಗಳು ಗಂಡಸರದ್ದು ಅಂತಲಾ? ಪ್ರತಿ ವರ್ಷ ಅದೇ ನಾಲ್ಕು ಫೋಟೋ ಹಾಕ್ತಾರೆ, ಏಪ್ರಿಲ್ 1ಕ್ಕೆ ಎಲ್ಲರೂ ಮರೀತಾರೆ.

ಹಳೆಪೇಪರ್
@ಖಾಲಿಬೆಂಚು ನಿಮ್ಮ ಮಾತು ತೆಗೆದುಹಾಕೋ ಹಾಗಿಲ್ಲ. ಲರ್ನರ್ ಅವರಿಗೂ ಇದೇ ಚಿಂತೆ ಇತ್ತು. ಹೆಸರುವಾಸಿಯಾದ ನಾಲ್ಕು ಹೆಂಗಸರನ್ನು ಹಳೇ ಪಾಠಕ್ಕೆ ಅಂಟಿಸಿದರೆ ಆಗಲ್ಲ, ಮನೆಗೆಲಸ, ಹೆರಿಗೆ, ಸಂಘಗಳು, ದುಡಿಮೆ ಎಲ್ಲವನ್ನೂ ಇತಿಹಾಸ ಅಂತಲೇ ಓದಬೇಕು ಅನ್ನೋದು ಅವರ ವಾದ. 1972ರಲ್ಲಿ ಅದೇ ಕಾಲೇಜಿನಲ್ಲಿ ಈ ವಿಷಯಕ್ಕೇ ಸ್ನಾತಕೋತ್ತರ ಕೋರ್ಸ್ ಶುರು ಮಾಡಿದ್ದೂ ಅವರೇ. ಆದರೂ ತಿಂಗಳು ಬೇಡ ಅಂತ ನಾನು ಹೇಳಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಪಾಠ ಮಾಡೋಕೆ ಹೊರಟ ಟೀಚರ್‌ಗೆ ಹೆಡ್‌ಮಾಸ್ಟರ ಹತ್ತಿರ ತೋರಿಸೋಕೆ ಏನಾದರೂ ಬೇಕಲ್ವಾ?

ಲೈಬ್ರರಿಹುಳ
ಎಲ್ಲ ಕಡೆ ಮಾರ್ಚೇ ಅಲ್ಲ, ಅದನ್ನೂ ಸೇರಿಸಿಕೊಳ್ಳಿ. ಕೆನಡಾದಲ್ಲಿ ಅಕ್ಟೋಬರ್. ಯಾಕೆ ಅಂದರೆ, ಅಲ್ಲಿನ ಸಂವಿಧಾನದ ಪ್ರಕಾರ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಅರ್ಹ ‘ವ್ಯಕ್ತಿ’ಗಳಲ್ಲಿ ಹೆಂಗಸರು ಸೇರಲ್ಲ ಅಂತ 1928ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಎಮಿಲಿ ಮರ್ಫಿ ಸೇರಿ ಆಲ್ಬರ್ಟಾದ ಐವರು ಹೆಂಗಸರು ಬಿಡಲಿಲ್ಲ, ಆಗ ಕೆನಡಾದ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್‌ನ ಪ್ರಿವಿ ಕೌನ್ಸಿಲ್‌ವರೆಗೆ ಹೋದರು. 1929ರ ಅಕ್ಟೋಬರ್ 18ಕ್ಕೆ ಗೆದ್ದರು. ಮರುವರ್ಷವೇ ಮೊದಲ ಮಹಿಳಾ ಸೆನೆಟರ್ ಬಂದರು, ಕೈರೀನ್ ವಿಲ್ಸನ್. ಕೇಸು ಹಾಕಿದ ಐವರಲ್ಲಿ ಒಬ್ಬರಿಗೂ ಆ ಸೀಟು ಸಿಗಲಿಲ್ಲ. 2009ರಲ್ಲಿ, ಎಲ್ಲರೂ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಗೌರವ ಸೆನೆಟರ್ ಅಂತ ಮಾಡಿದರು.