ವಜ್ರದಲ್ಲಿ ಬರೆದಿಟ್ಟ ಡೇಟಾ ನಿಜವಾಗ್ಲೂ ಅಳಿಯಲ್ವಾ?

ಹಳೇಸಿಡಿ:
2004ರಲ್ಲಿ ಅಪ್ಪನ ಮಾತು ರೆಕಾರ್ಡ್ ಮಾಡಿ ಸಿಡಿಗೆ ಬರೆದಿಟ್ಟಿದ್ದೆ. ಕಿಟಕಿ ಪಕ್ಕದ ಕಪಾಟಿನಲ್ಲಿತ್ತು. ಮೊನ್ನೆ ಹಾಕಿದರೆ ಡ್ರೈವ್ ಸುಮ್ನೆ ಗರಗರ ತಿರುಗುತ್ತದೆ, ಅಷ್ಟೇ. ಒಂದು ಗೀರೂ ಇಲ್ಲ! ವಜ್ರದೊಳಗೆ ಲೇಸರ್‌ನಿಂದ ಬರೆದರೆ ಅದಕ್ಕೆ ಸಾವೇ ಇಲ್ಲ ಅಂತ ಓದಿದೆ. ಬೆಳಕಿನಲ್ಲಿ ಬರೆದದ್ದು ಬೆಳಕಿಗೇ ಅಳಿಯಲ್ವಾ?

ಲೇಸರ್‌ಮೇಷ್ಟ್ರು:
ಬರೆಯುವ ಸಿಡಿಯೊಳಗೆ ಬಣ್ಣದ ಪದರ ಇರುತ್ತದೆ. ಬಿಸಿಲಿಗೆ ಮಾಸಿರಬೇಕು. ಬಿಸಾಡಬೇಡಿ, ಬೇರೆ ಡ್ರೈವ್‌ನಲ್ಲಿ ಕಡಿಮೆ ವೇಗದಲ್ಲಿ ಓದಿಸಿ ನೋಡಿ.

ನಿಮ್ಮ ಅನುಮಾನ ಸರಿಯಾಗಿದೆ. ವಜ್ರದಲ್ಲಿ ಎರಡು ದಾರಿ ಇವೆ, ಸುದ್ದಿಯವರು ಎರಡನ್ನೂ ಕಲಸಿಬಿಡುತ್ತಾರೆ. ಇಂಗಾಲದ ಜಾಗದಲ್ಲಿ ಒಂದು ಸಾರಜನಕ ಬಂದು ಕೂತು, ಅದರ ಪಕ್ಕದ ಜಾಗ ಖಾಲಿ ಬಿದ್ದಿದ್ದರೆ ಅದು ಎನ್‌ವಿ ಸೆಂಟರ್. ಅಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಇದೆಯೋ ಇಲ್ಲವೋ ಅನ್ನುವುದೇ 1 ಮತ್ತು 0. ಹಸಿರು ಲೇಸರ್‌ಗೆ ಎಲೆಕ್ಟ್ರಾನ್ ಬಂದು ಸೇರುತ್ತದೆ, ಜೋರು ಕೆಂಪಿಗೆ ಎದ್ದು ಹೋಗುತ್ತದೆ. 2016ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜಿನವರು ಹೀಗೆ ಪದರ ಪದರವಾಗಿ ಚಿತ್ರಗಳನ್ನು ಬರೆದು ತೋರಿಸಿದರು. ಓದುವುದು ಮಂದ ಕೆಂಪು ಬೆಳಕಿನಲ್ಲಿ. ತಮಾಷೆ ಏನೆಂದರೆ, ಓದಿದಷ್ಟೂ ಸ್ವಲ್ಪ ಸ್ವಲ್ಪ ಅಳಿಯುತ್ತದೆ. ಕತ್ತಲಲ್ಲಿಟ್ಟರೆ ಬಹಳ ಕಾಲ ಇರುತ್ತದೆ. ಕಿಟಕಿ ಪಕ್ಕ ಇಟ್ಟರೆ ನಿಮ್ಮ ಸಿಡಿಯ ಗತಿಯೇ.

ಇನ್ನೊಂದು ದಾರಿಯಲ್ಲಿ ಫೆಮ್ಟೋಸೆಕೆಂಡ್ ಲೇಸರ್ (ಊಹೆಗೂ ಸಿಗದಷ್ಟು ಚಿಕ್ಕ ಕ್ಷಣ ಮಾತ್ರ ಮಿಂಚುವ ಲೇಸರ್) ಏಟಿಗೆ ಇಂಗಾಲವನ್ನೇ ಅದರ ಜಾಗದಿಂದ ಕೀಳುತ್ತಾರೆ. 2024ರಲ್ಲಿ ಚೀನಾದ ತಂಡವೊಂದು ಘನ ಸೆಂಟಿಮೀಟರಿಗೆ 14.8 ಟೆರಾಬಿಟ್ ಸಾಂದ್ರತೆ ಮುಟ್ಟಿತು. ಸುಮಾರು 1.85 ಟೆರಾಬೈಟ್. ಆ ಗುಂಡಿ ಬಿಸಿಲಿಗೆ ಮುಚ್ಚಿಕೊಳ್ಳುವುದಿಲ್ಲ. ಸಾವಿಲ್ಲ ಅನ್ನುವ ಮಾತು ಇದಕ್ಕಾದರೆ ಒಪ್ಪಬಹುದು.

ಅನುಮಾನಪ್ಪ:
ಒಂದೊಂದು ಪರಮಾಣುವಿನ ಜಾಗದಲ್ಲಿ 1, 0 ಬರೆಯುತ್ತಾರೆ ಅನ್ನುವುದು ಜಾಸ್ತಿಯಾಯ್ತು. ಲೇಸರ್ ಚುಕ್ಕೆ ಪರಮಾಣುವಿಗಿಂತ ಸಾವಿರ ಪಟ್ಟಿಗೂ ದೊಡ್ಡದು. ಒಂದನ್ನು ಮುಟ್ಟಲು ಹೋದರೆ ಅಕ್ಕಪಕ್ಕದ್ದಕ್ಕೂ ತಗಲುತ್ತದೆ, ಅಲ್ವಾ?

ಲೇಸರ್‌ಮೇಷ್ಟ್ರು:
ತಗಲುತ್ತದೆ, ಆದರೆ ಎಲ್ಲವೂ ಓಗೊಡುವುದಿಲ್ಲ. ಒಂದೇ ಚುಕ್ಕೆಯೊಳಗಿನ ಸೆಂಟರ್‌ಗಳು ಒಂದೊಂದೂ ಕೂದಲೆಳೆಯಷ್ಟು ಬೇರೆ ಬಣ್ಣಕ್ಕೆ ಸ್ಪಂದಿಸುತ್ತವೆ. ಲೇಸರ್ ಬಣ್ಣವನ್ನು ಚೂರು ಸರಿಸಿದರೆ ಬೇಕಾದ ಒಂದನ್ನೇ ಹೆಸರು ಹಿಡಿದು ಕರೆದ ಹಾಗೆ. 2023ರಲ್ಲಿ ಅದೇ ಸಿಟಿ ಕಾಲೇಜಿನವರು ಇದನ್ನು ಮಾಡಿದರು. ಲೆಕ್ಕ ಚದರ ಇಂಚಿಗೆ 25 ಗಿಗಾಬೈಟ್. ವಜ್ರವನ್ನು ವಿಪರೀತ ತಣ್ಣಗೆ ಇಡಬೇಕು, ಅದೇ ತಲೆನೋವು.

ಹಳೇಸಿಡಿ:
ಮೇಷ್ಟ್ರೇ, ಗೆಳೆಯನ ಹಳೇ ಡ್ರೈವ್‌ನಲ್ಲಿ ಎರಡು ಫೈಲ್ ಬಂದವು. ಒಂದರಲ್ಲಿ ಅಪ್ಪ ಬರೀ ಕೆಮ್ಮುತ್ತಾರೆ, ಆಮೇಲೆ "ಆನ್ ಆಗಿದೆಯೇನೋ ಇದು?" ಅಂತಾರೆ. ಮೂರು ಕಡೆ ಕಾಪಿ ಮಾಡಿಟ್ಟೆ.